ಅತ್ತೆಯ ವಿಭೂತಿ, ಅತ್ತೆಯ ಗುಳಿಗೆ

ನಮ್ಮದು ಕೊಟ್ಟೂರಿನಲ್ಲಿ ಹಿಟ್ಟಿನ ಗಿರಣಿ. ಮುಂದಿನ ಅರ್ಧ ಗಿರಣಿ, ಹಿಂದಿನ ಅರ್ಧ ಮನೆ. ನಡುವೆ ಒಂದು ಗೋಡೆ ಇದೆ, ಆದರೆ ಹಿಟ್ಟಿಗೆ ಅದು ಲೆಕ್ಕಕ್ಕಿಲ್ಲ. ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಹಿಟ್ಟು, ಟೀವಿಯ ಮೇಲೆ ಹಿಟ್ಟು, ದೇವರ ಫೋಟೋದ ಗಾಜಿನ ಮೇಲೂ ಹಿಟ್ಟು. ಹರಪನಹಳ್ಳಿಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಹಸಿ ಬಟ್ಟೆ ಹಿಡಿದು ಹೊತ್ತುಗೊತ್ತಿಲ್ಲದೆ ಒರೆಸುತ್ತಿದ್ದೆ. ಆಮೇಲೆ ಬುದ್ಧಿ ಬಂತು, ಬಿಟ್ಟುಬಿಟ್ಟೆ.

ಗಿರಣಿ ಓಡುವಾಗ ಮನೆಯಲ್ಲಿ ಯಾವ ಮಾತೂ ಕೇಳಿಸುವುದಿಲ್ಲ. ಊಟಕ್ಕೆ ಕರೆಯುವುದಕ್ಕೂ ಕೈಸನ್ನೆ, ಜಗಳಕ್ಕೂ ಕೈಸನ್ನೆ. ಹಾಗಾಗಿ ಈ ಮನೆಯ ಸಣ್ಣಪುಟ್ಟ ಸದ್ದುಗಳೆಲ್ಲ ನನಗೆ ಪರಿಚಯವಾದದ್ದು ಕರೆಂಟ್ ಹೋದಾಗ. ನಾನು ಬಂದು ಇನ್ನೂ ತಿಂಗಳಾಗಿರಲಿಲ್ಲ. ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಬೆಲ್ಟು ನಿಧಾನವಾಗಿ ತಿರುಗಿ ತಿರುಗಿ ನಿಂತಿತು. ಆ ನಿಶ್ಶಬ್ದದಲ್ಲಿ ಜೋಳದ ಚೀಲಗಳ ಹಿಂದಿನಿಂದ ಕಟುಂ ಕಟುಂ ಅಂತ ಏನೋ ಕಡಿಯುವ ಸದ್ದು. ಇಲಿ ಇರಬೇಕೆಂದು ಪೊರಕೆ ಹಿಡಿದು ಹೋದೆ. ಇಲಿಯಲ್ಲ, ಅತ್ತೆ. ಗೋಡೆಗೆ ಒರಗಿ, ಕಾಲು ಚಾಚಿ, ಸೆರಗಿನ ಮರೆಯಲ್ಲಿ ಏನನ್ನೋ ಬಾಯಿಗೆ ಹಾಕಿಕೊಂಡು ಕಣ್ಣು ಅರ್ಧ ಮುಚ್ಚಿ ಕೂತಿದ್ದರು. ನನ್ನನ್ನೂ ಪೊರಕೆಯನ್ನೂ ನೋಡಿ ಮುಷ್ಟಿ ಬಿಚ್ಚಿದರು. ಅಂಗೈಯಲ್ಲಿ ಒಂದು ಮಗ್ಗುಲು ಕಡಿದ ವಿಭೂತಿ ಗಟ್ಟಿ ಇತ್ತು.

"ತಗೋ, ಚೂರು ಬಾಯಾಗ ಹಾಕ್ಕೋ. ಪ್ರಸಾದ," ಅಂದರು.

ನಾನು ಹಣೆಗೆ ಹಚ್ಚಿಕೊಂಡು ಬಚಾವಾದೆ.

ವಿಭೂತಿ ಹಚ್ಚಿಕೊಂಡ ಮೇಲೆ ಬೆರಳಿಗೆ ಉಳಿದ ಚಿಟಿಕೆಯನ್ನು ನಾಲಿಗೆಗೆ ತಾಗಿಸುವುದು ನಮ್ಮ ಕಡೆಯ ಶೈವರ ಮನೆಗಳಲ್ಲಿ ಇರುವುದೇ. ನನ್ನ ತವರಲ್ಲಿ ಅಜ್ಜಿಯೂ ಹಾಗೆ ಮಾಡುತ್ತಿದ್ದಳು. ಅತ್ತೆಯ ವಿಷಯದಲ್ಲಿ ಆ ಚಿಟಿಕೆ ವರ್ಷಗಟ್ಟಲೆ ಬೆಳೆದು ಗಟ್ಟಿಯಾಗಿತ್ತು, ಅಷ್ಟೇ. ಅದನ್ನು ನಮ್ಮ ಮನೆಯಲ್ಲಿ ತಿನ್ನುವುದು ಎಂದು ಯಾರೂ ಅನ್ನುತ್ತಿರಲಿಲ್ಲ. ಅತ್ತೆ ಪ್ರಸಾದ ತಗೊಳ್ತಾರೆ ಅನ್ನುತ್ತಿದ್ದೆವು. ಬೀಸಲು ಕಾಳು ತಂದ ಹೆಂಗಸರು ತಮ್ಮ ಡಬ್ಬಿ ಕೆಳಗಿಟ್ಟು, ಶಿವ ಒಲಿದ ಜೀವ ಇದು ಎಂದು ನನಗೆ ಹೇಳಿ, ಬಗ್ಗಿ ಅತ್ತೆಯ ಕಾಲು ಮುಟ್ಟಿ ಹೋಗುತ್ತಿದ್ದರು. ಅತ್ತೆಗೆ ಆಗಿನ್ನೂ ಐವತ್ತು ಕೂಡ ಆಗಿರಲಿಲ್ಲ.

ಬೇರೆಯವರ ಮನೆಗೆ ನೆಂಟರು ಬಾಳೆಹಣ್ಣು, ಬಿಸ್ಕೀಟು ಹಿಡಿದು ಬರುತ್ತಾರೆ. ನಮ್ಮ ಮನೆಗೆ ಬರುವವರ ಚೀಲದಲ್ಲಿ ವಿಭೂತಿ. ಹಗರಿಬೊಮ್ಮನಹಳ್ಳಿಯ ನಾದಿನಿ ಯಾವ ಕ್ಷೇತ್ರಕ್ಕೆ ಹೋದರೂ ಅಮ್ಮನಿಗೆಂದು ಅಲ್ಲಿಯ ಗಟ್ಟಿ ತರುತ್ತಿದ್ದಳು. ಅತ್ತೆ ಅದನ್ನು ಮೊದಲು ಮೂಸಿ, ಉಗುರಿನಿಂದ ಕೆರೆದು, ನಾಲಿಗೆ ತುದಿಗೆ ಇಟ್ಟು ತೀರ್ಪು ಕೊಡುತ್ತಿದ್ದರು. ಇದು ಉಸುಕು. ಇದು ಬೆಣ್ಣೆ. ಹಡಗಲಿಯ ಬೀಗರು ಒಮ್ಮೆ ಪ್ರೀತಿಯಿಂದ ತಂದದ್ದನ್ನು ಮೂಸಿ ನೋಡಿ, ಇದರಾಗ ಬರೇ ಸುಣ್ಣ ಐತಿ ಎಂದು ಅವರ ಮುಖದ ಮೇಲೇ ಹೇಳಿದ್ದರು. ಒಳ್ಳೆಯ ಗಟ್ಟಿ ಸಿಕ್ಕರೆ ಅದರ ಮೇಲೆ ಎರಡು ಹನಿ ನೀರು ಚಿಮುಕಿಸಿ ಮೂಗಿನ ಹತ್ತಿರ ಹಿಡಿದುಕೊಂಡು ಸುಮ್ಮನೆ ಕೂರುತ್ತಿದ್ದರು. ಮುಂಗಾರಿನ ಮೊದಲ ಹನಿ ಬಿದ್ದಾಗ ಎಲ್ಲರೂ ಒಣಹಾಕಿದ ಬಟ್ಟೆ ತೆಗೆಯಲು ಓಡಿದರೆ, ಅತ್ತೆ ಬಾಗಿಲಲ್ಲಿ ನಿಂತು ಮಣ್ಣಿನ ವಾಸನೆಯನ್ನು ಎದೆ ತುಂಬ ಎಳೆದುಕೊಳ್ಳುವರು.

ನಾನು ಸೋಮವಾರದ ಭಕ್ತೆ. ವಾರಕ್ಕೊಮ್ಮೆ ಹಣೆಗೆ ಮೂರು ಗೆರೆ ಎಳೆದುಕೊಂಡರೆ ದೇವರಿಗೂ ನನಗೂ ಆ ವಾರದ ಮಾತು ಮುಗಿಯಿತು ಅನ್ನುವ ಪೈಕಿ. ಅತ್ತೆಯನ್ನು ನೋಡಿ ಒಂದೊಂದು ಸಲ ನಗು ಬರುತ್ತಿತ್ತು, ಒಂದೊಂದು ಸಲ ಹೊಟ್ಟೆಕಿಚ್ಚು. ಇಷ್ಟು ಸುಖವಾಗಿ ಕಣ್ಣು ಮುಚ್ಚಿ ಕೂರುವಂಥದ್ದು ನನ್ನ ಬಾಳಿನಲ್ಲಿ ಏನೂ ಇರಲಿಲ್ಲ.

ಅವರು ಸೊರಗುತ್ತಿದ್ದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಬೀಳುವುದಾದರೂ ಹೇಗೆ? ಗಿರಣಿಯಲ್ಲಿ ನಿಂತವರ ಮುಖ ಬೆಳಗಿನಿಂದ ಸಂಜೆಯ ತನಕ ಬೆಳ್ಳಗೇ ಇರುತ್ತದೆ. ಹುಬ್ಬು, ರೆಪ್ಪೆ, ಕಿವಿ ಎಲ್ಲ ಹಿಟ್ಟು. ಅದರ ಮೇಲೆ ಹಣೆಯ ತುಂಬ ವಿಭೂತಿ. ಆ ಬಿಳುಪಿನ ಕೆಳಗೆ ಇನ್ನೊಂದು ಬಿಳುಪು ಇದೆ ಎಂದು ನಮಗೆ ಹೊಳೆಯಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವರು, ಹಿಟ್ಟಿನ ಧೂಳಿಗೆ ಎಂದುಕೊಂಡೆವು. ಕಾಳಿನ ಡಬ್ಬಿ ಎತ್ತಿ ಗಿರಣಿಯ ಬಾಯಿಗೆ ಸುರಿಯುವ ಮೊದಲು ಅರ್ಧದಲ್ಲಿ ಮೊಣಕಾಲಿನ ಮೇಲೆ ಇಳಿಸಿಕೊಂಡು ಸುಧಾರಿಸಿಕೊಳ್ಳುವರು, ವಯಸ್ಸು ಎಂದುಕೊಂಡೆವು. ತಿಂಗಳು ತಿಂಗಳು ಅವರಿಗೆ ಎಷ್ಟು ರಕ್ತ ಹೋಗುತ್ತಿತ್ತು ಎನ್ನುವುದು ನನಗೆ ಗೊತ್ತಾದದ್ದು ಹಿತ್ತಲಿನ ತಂತಿಯ ಮೇಲೆ ಒಣಗುತ್ತಿದ್ದ ಬಟ್ಟೆಗಳಿಂದ. ಕೇಳಿದರೆ, ನಿಲ್ಲೋ ಹೊತ್ತಿನಾಗ ಎಲ್ಲರಿಗೂ ಹಿಂಗ ಎಂದು ಬಾಯಿ ಮುಚ್ಚಿಸಿದರು.

ನನ್ನ ಮಗುವಿಗೆ ಮೂರು ತುಂಬಿದ ವರ್ಷ, ಒಂದು ದಿನ ಹೊಸಹಳ್ಳಿ ಕಡೆಯ ಕುರಿ ಕಾಯುವ ಮನೆಯವರು ಜೋಳ ತಂದಿದ್ದರು. ಅತ್ತೆ ಡಬ್ಬಿ ಎತ್ತಿದರು. ಅದು ಎದೆಯ ಮಟ್ಟಕ್ಕೆ ಬಂತು, ಅಲ್ಲೇ ನಿಂತಿತು, ಆಮೇಲೆ ಅತ್ತೆಯೂ ಜೋಳವೂ ಒಟ್ಟಿಗೇ ನೆಲಕ್ಕೆ ಬಿದ್ದರು. ನಮ್ಮ ಮನೆಯವರು ಓಡಿ ಹೋಗಿ ಗಿರಣಿ ನಿಲ್ಲಿಸಿದರು. ನಾನು ನೀರು ಚಿಮುಕಿಸಿ ಸೆರಗಿನಿಂದ ಅವರ ಮುಖ ಒರೆಸಿದೆ. ಹಿಟ್ಟು ಹೋಯಿತು, ವಿಭೂತಿ ಹೋಯಿತು, ಮುಖ ಮಾತ್ರ ಬೆಳ್ಳಗೇ ಉಳಿಯಿತು. ತುಟಿ ಯಾವುದು ಕೆನ್ನೆ ಯಾವುದು ತಿಳಿಯದ ಹಾಗೆ. ಅವತ್ತು ನನಗೆ ಆದ ಹೆದರಿಕೆ ಇಂದಿಗೂ ನೆನಪಿದೆ.

ಮರುದಿನ ಬಸ್ಸು ಹತ್ತಿ ಕೂಡ್ಲಿಗಿಗೆ ಹೋದೆವು. ಅಲ್ಲಿಯ ಡಾಕ್ಟರಮ್ಮ ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು, ಅವಸರವಿಲ್ಲದ ಹೆಂಗಸು. ಅತ್ತೆಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಉಗುರು ನೋಡಿದರು, ಚಮಚದ ಹಾಗೆ ತಗ್ಗುಬಿದ್ದ ಉಗುರುಗಳನ್ನು ನಾನು ಗಿರಣಿ ಕೆಲಸದ ಉಗುರು ಎಂದುಕೊಂಡಿದ್ದೆ. ರಕ್ತ ತೆಗೆಸಿದರು, ಸ್ಕ್ಯಾನ್ ಮಾಡಿಸಿದರು. ಗರ್ಭಕೋಶದಲ್ಲಿ ಗಡ್ಡೆ ಇದೆ, ಕೆಟ್ಟದ್ದೇನಲ್ಲ, ಆದರೆ ರಕ್ತವೆಲ್ಲ ಅದರಿಂದಲೇ ಹೋಗುತ್ತಿದೆ, ಆಪರೇಷನ್ ಮಾಡಿ ತೆಗೆಯಬೇಕು ಅಂದರು. ಹಾಗಾದರೆ ಮಾಡಿಬಿಡಿ ಅಂದೆ. ಈ ರಕ್ತ ಇಟ್ಟುಕೊಂಡು ಮಂಪರು ಕೊಡುವ ಡಾಕ್ಟರು ಇವರನ್ನು ಮುಟ್ಟುವುದಿಲ್ಲ, ಮೊದಲು ರಕ್ತ ಏರಬೇಕು, ಆಮೇಲೆ ಆಪರೇಷನ್ ಅಂದರು. ರಕ್ತ ಏರದಿದ್ದರೆ ಏನು ಎಂದು ನಾನು ಕೇಳಿದೆ. ಈಗಲೇ ಹೃದಯ ಏದುಸಿರು ಬಿಡುತ್ತಿದೆ, ಬಹಳ ದಿನ ತಡೆಯುವುದಿಲ್ಲ ಎಂದು ಅತ್ತೆಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು.

ರಕ್ತ ಹೋಗುವುದನ್ನು ತಡೆಯಲು ಒಂದು ಗುಳಿಗೆ, ಏರಿಸಲು ಕಬ್ಬಿಣದ ಕೆಂಪು ಗುಳಿಗೆ. ಕೆಂಪು ಗುಳಿಗೆಯನ್ನು ಬರೀ ಹೊಟ್ಟೆಯಲ್ಲಿ ನಿಂಬೆಹಣ್ಣಿನ ನೀರಿನ ಜೊತೆ ನುಂಗಬೇಕು, ಅದರ ಆಸುಪಾಸಿನಲ್ಲಿ ಚಹಾ, ಹಾಲು ಬೇಡ. ಮಲ ಕಪ್ಪಾಗುತ್ತದೆ, ಹೆದರಬಾರದು. ಇಷ್ಟು ಹೇಳಿ, ಕೊನೆಯಲ್ಲಿ ಡಾಕ್ಟರಮ್ಮ ಇನ್ನೊಂದು ಕೇಳಿದರು. ಮಣ್ಣು, ಬೂದಿ, ಬಳಪ, ಹಸಿ ಅಕ್ಕಿ, ಇಂಥದ್ದು ಏನಾದರೂ ತಿನ್ನುವ ಆಸೆ ಇದೆಯಾ?

"ಛೇ, ಇಲ್ರಿ. ಬೂದಿ ಯಾರರ ತಿಂತಾರೇನ್ರಿ," ಅಂದರು ಅತ್ತೆ.

ನಾನೂ ಇಲ್ಲ ಎಂದು ತಲೆ ಆಡಿಸಿದೆ. ಅತ್ತೆಯ ಸೊಂಟದ ಚೀಲದಲ್ಲಿ ಆ ಹೊತ್ತಿಗೂ ಒಂದು ಗಟ್ಟಿ ಇತ್ತು. ಆದರೂ ನಮ್ಮಿಬ್ಬರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಒಲೆಯಲ್ಲಿ ಇರುವುದು ಬೂದಿ, ದೇವರ ಮುಂದೆ ಇರುವುದು ವಿಭೂತಿ. ಒಂದನ್ನು ಯಾರೂ ತಿನ್ನುವುದಿಲ್ಲ, ಇನ್ನೊಂದನ್ನು ತಗೊಳ್ಳುತ್ತಾರೆ. ಎರಡೂ ಒಂದೇ ಎಂದು ನನ್ನ ತಲೆಗೆ ಹೋಗಲೇ ಇಲ್ಲ.

ಗುಳಿಗೆ ಶುರುವಾಯಿತು. ಅತ್ತೆ ಸ್ನಾನ, ಪೂಜೆ ಆಗದೆ ಬಾಯಿಗೆ ಹನಿ ನೀರೂ ಹಾಕಿಕೊಂಡವರಲ್ಲ. ಹಾಗಾಗಿ ಮೊದಲು ಪೂಜೆ, ಹಣೆಗೆ ವಿಭೂತಿ, ಬಾಯಿಗೆ ವಿಭೂತಿ, ಅದರ ಹಿಂದೆಯೇ ಗುಳಿಗೆ. ಮೊದಲ ವಾರದಲ್ಲೇ ತಕರಾರು ಬಂತು. ಗುಳಿಗೆ ನುಂಗಿದರೆ ಬಾಯಿಯೆಲ್ಲ ತುಕ್ಕು ಹಿಡಿದ ಮೊಳೆ ನೆಕ್ಕಿದ ಹಾಗಂತೆ. ಹೊಟ್ಟೆ ಕಲ್ಲಾಗುತ್ತದಂತೆ. ಬಯಲಕಡೆಗೆ ಹೋಗಿ ಬಂದವರು ಮುಖ ಸಪ್ಪಗೆ ಮಾಡಿಕೊಂಡು, ಒಳಗ ಎಲ್ಲಾ ಸುಟ್ಟು ಕರಕಾಗೇತಿ ಅಂದರು. ಡಾಕ್ಟರಮ್ಮ ಮೊದಲೇ ಹೇಳಿದ್ದರಲ್ಲ ಎಂದೆ. ಹೇಳಿದ್ರು, ಆದ್ರ ಇಷ್ಟು ಕರಿ ಅಂತ ಹೇಳಿದ್ದಿಲ್ಲ ಎಂದರು. ಕೊನೆಗೆ ಅವರೇ ಒಂದು ಉಪಾಯ ಮಾಡಿದರು. ಗುಳಿಗೆಯ ಕಾವು ಇಳಿಯಲಿ ಎಂದು ನಿಂಬೆಯ ನೀರಿಗೇ ಒಂದು ತುಂಡು ವಿಭೂತಿ ಕದಡಿ, ಆ ಬೆಳ್ಳನೆ ನೀರಿನಲ್ಲಿ ಗುಳಿಗೆ ನುಂಗತೊಡಗಿದರು. ಹೊಟ್ಟೆ ತಣ್ಣಗಾಯಿತು. ಎಷ್ಟೋ ಬೆಳಗ್ಗೆ ಆ ನೀರು ಕದಡಿ ಕೊಟ್ಟವಳು ನಾನೇ. ಗುಳಿಗೆ ಹೊಟ್ಟೆಗೆ ಇಳಿಯಿತಲ್ಲ, ಸಾಕು ಅನ್ನಿಸುತ್ತಿತ್ತು.

ತಿಂಗಳ ಮೇಲೆ ಮತ್ತೆ ಕೂಡ್ಲಿಗಿಗೆ ಹೋಗಿ ರಕ್ತ ಕೊಟ್ಟರೆ, ಏರಿದ್ದೇ ಇಲ್ಲ ಅನ್ನಬೇಕು, ಅಷ್ಟು ಕಡಿಮೆ. ಡಾಕ್ಟರಮ್ಮ ಮುಖ ಗಂಟಿಕ್ಕಿದರು. ದಿನಾ ನುಂಗ್ತಾರಾ? ನುಂಗ್ತಾರೆ, ನನ್ನ ಕಣ್ಣೆದುರಿಗೇ. ಚಹಾದ ಜೊತೆ? ಇಲ್ಲ. ಇನ್ನೊಮ್ಮೆ ರಕ್ತ ತೆಗೆದು ನೋಡೋಣ ಎಂದು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಅತ್ತೆಗೆ ಸೂಜಿ ಎಂದರೆ ಜೀವ ಹೋಗುತ್ತದೆ. ಧೈರ್ಯಕ್ಕೆಂದು ಸೊಂಟದ ಚೀಲದಿಂದ ಗಟ್ಟಿ ತೆಗೆದು ಕಡಿದರು. ಅದೇ ಹೊತ್ತಿಗೆ ಡಾಕ್ಟರಮ್ಮ ಬಾಗಿಲಿಗೆ ಬಂದರು. ಅತ್ತೆಯ ತುಟಿಯ ಮೇಲಿನ ಬಿಳಿ ಪುಡಿಯನ್ನೂ ಕೈಯನ್ನೂ ನೋಡುತ್ತ ನಿಂತರು.

ಬಯ್ಯಲಿಲ್ಲ. ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ತಾವೂ ಕುರ್ಚಿ ಎಳೆದುಕೊಂಡು ಅತ್ತೆಯ ಮೊಣಕಾಲಿನ ಹತ್ತಿರ ಕೂತರು. ಮೈಯಲ್ಲಿ ಕಬ್ಬಿಣ ಕಮ್ಮಿಯಾದವರಿಗೆ ಇಂಥ ಆಸೆ ಹುಟ್ಟುತ್ತದೆ, ಒಬ್ಬರಿಗೆ ಮಣ್ಣು, ಒಬ್ಬರಿಗೆ ಬಳಪ, ನಿಮಗೆ ಇದು. ಇದು ಹೊಟ್ಟೆಯಲ್ಲಿ ಇದ್ದರೆ ಗುಳಿಗೆಯ ಕಬ್ಬಿಣವನ್ನು ಹಿಡಿದುಕೊಂಡು ಹೊರಗೆ ಹೋಗಿಬಿಡುತ್ತದೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ಹಣೆಗೆ ಎಷ್ಟಾದರೂ ಹಚ್ಚಿಕೊಳ್ಳಿ, ಬಾಯಿಗೆ ಬೇಡ. ಆಗದೇ ಇದ್ದರೆ ಸದ್ಯಕ್ಕೆ ಮಧ್ಯಾಹ್ನದ ತನಕವಾದರೂ ತಡೆಯಿರಿ. ರಕ್ತ ಏರಿದ ಹಾಗೆ ಆ ಆಸೆ ತಾನಾಗಿಯೇ ಹೋಗುತ್ತದೆ. ಇಷ್ಟು ಹೇಳಿ ಅತ್ತೆಯ ಕೈ ಒಮ್ಮೆ ಅದುಮಿ ಎದ್ದರು.

ಬಸ್ಸಿನಲ್ಲಿ ಅತ್ತೆ ಕಿಟಕಿಗೆ ತಲೆ ಇಟ್ಟವರು ಎತ್ತಲಿಲ್ಲ. ಹೊಲಗಳಲ್ಲಿ ಶೇಂಗಾ ಕಿತ್ತು ಗುಡ್ಡೆ ಹಾಕಿದ್ದರು. ಹಸಿ ಮಣ್ಣಿನ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಕೊಟ್ಟೂರು ಹತ್ತಿರ ಬಂದಾಗ ಅವರು ಮೆಲ್ಲಗೆ, ಆಕಿ ನನ್ನ ಪೂಜಿ ಬಿಡು ಅಂದಿಲ್ಲಲ್ಲ ಎಂದು ಕೇಳಿದರು. ಇಲ್ಲ ಅತ್ತಿ, ಬಾಯಿಗೆ ಹಾಕ್ಕೊಳ್ಳೋದನ್ನ ಮಧ್ಯಾಹ್ನಕ್ಕ ತಳ್ಳು ಅಂದಾರ ಅಷ್ಟ ಎಂದೆ. ಶಿವ ಮಧ್ಯಾಹ್ನದ ತನಕ ಕಾಯದವನೇನಲ್ಲ ಎಂದೂ ಸೇರಿಸಿದೆ. ಹಂಗಾದ್ರ ತಳ್ಳೋಣು ಅಂದರು. ಆಸೆ ಹೋಗುತ್ತದೆ ಎಂದ ಮಾತನ್ನು ಇಬ್ಬರೂ ಎತ್ತಲಿಲ್ಲ. ಅತ್ತೆ ಅದನ್ನು ನಂಬಿರಲಿಲ್ಲ, ನಾನು ಮರೆತಿದ್ದೆ.

ಆಮೇಲಿನ ದಿನಗಳು ನನಗೆ ಹಬ್ಬದ ಹಾಗಿದ್ದವು. ಬೆಳಗ್ಗೆ ಪೂಜೆ, ಹಣೆಗೆ ವಿಭೂತಿ, ತಕ್ಷಣ ಕೈ ತೊಳೆದುಕೊಂಡು ನಿಂಬೆ ನೀರು, ಗುಳಿಗೆ. ಬೆರಳು ಅಭ್ಯಾಸಬಲದಿಂದ ಬಾಯಿಯ ಕಡೆಗೆ ಹೋದರೆ ನಾನು ಕೆಮ್ಮುತ್ತಿದ್ದೆ. ಅತ್ತೆ ನನ್ನನ್ನು ದುರುಗುಟ್ಟಿ ನೋಡಿ, ಪೊಲೀಸರ ಮನಿ ಹೆಣ್ಣು ತಂದಂಗ ಆತು ಎನ್ನುತ್ತ ಕೈ ಇಳಿಸುತ್ತಿದ್ದರು. ಮಧ್ಯಾಹ್ನದ ಊಟಕ್ಕೆ ಪುಂಡಿಪಲ್ಲೆ, ನುಗ್ಗೆಸೊಪ್ಪು, ಹೆಸರುಕಾಳು, ರೊಟ್ಟಿ. ನೆಲ್ಲಿಕಾಯಿ ಸಿಕ್ಕರೆ ನೆಲ್ಲಿಕಾಯಿ. ಊಟದ ಮೇಲೆ ಅವರ ತುಂಡು ವಿಭೂತಿ. ಮೊದಮೊದಲು ಗಡಿಯಾರ ನೋಡುತ್ತ ಕಾಯುತ್ತಿದ್ದರು. ಆಮೇಲೆ ಕಾಯುವುದು ಕಡಿಮೆಯಾಯಿತು. ಮತ್ತೆ ಕೆಲವು ದಿನಕ್ಕೆ, ಒಂದು ಮಧ್ಯಾಹ್ನ ಕರೆಂಟ್ ಹೋಗಿ ಗಿರಣಿ ನಿಂತಾಗ, ನಾನು ಕಿವಿಗೊಟ್ಟು ಕೂತೆ. ಚೀಲಗಳ ಹಿಂದಿನಿಂದ ಯಾವ ಸದ್ದೂ ಇಲ್ಲ. ಗಂಡನನ್ನು ಕರೆದು, ಕೇಳಿಸ್ಕೊಳ್ರಿ ಎಂದೆ. ಏನೂ ಕೇಳಿಸಂಗಿಲ್ಲ ಅಂದರು. ಅದನ್ನೇ ಕೇಳಿಸ್ಕೊಳ್ರಿ ಎಂದೆ.

ಅತ್ತೆಯ ತುಟಿಗೆ ಬಣ್ಣ ಬರತೊಡಗಿತ್ತು. ಮೆಟ್ಟಿಲ ಮೇಲೆ ನಿಲ್ಲುವುದು ತಪ್ಪಿತ್ತು. ಆದರೆ ಮೈ ಏರಿದಷ್ಟೂ ಮನಸ್ಸು ಇಳಿಯುತ್ತಿತ್ತು. ಮಾತು ಕಡಿಮೆಯಾಯಿತು. ಕಾಳು ತಂದ ಹೆಂಗಸರು ಕಾಲು ಮುಟ್ಟಲು ಬಗ್ಗಿದರೆ ಕಾಲು ಹಿಂದಕ್ಕೆ ಎಳೆದುಕೊಳ್ಳುವರು. ನಾದಿನಿ ತಂದ ಹೊಸ ಗಟ್ಟಿಯನ್ನು ಮೂಸದೆ ಹಾಗೇ ದೇವರ ಗೂಡಿನಲ್ಲಿ ಇಟ್ಟರು. ಪೂಜೆಗೆ ಕೂತವರು ಬಹಳ ಹೊತ್ತು ಏಳುತ್ತಿರಲಿಲ್ಲ, ಎದ್ದಾಗ ಕಣ್ಣು ಕೆಂಪಗಿರುತ್ತಿದ್ದವು. ಆಪರೇಷನ್ನಿನ ಭಯ ಎಂದುಕೊಂಡು ನಾನು ನಮ್ಮೂರಿನಲ್ಲಿ ಯಾರ್‍ಯಾರಿಗೆ ಆಪರೇಷನ್ ಆಗಿ ಹೇಗೆ ಗಟ್ಟಿಯಾಗಿ ಓಡಾಡುತ್ತಿದ್ದಾರೆ ಎಂದು ದಿನಾ ಒಂದೊಂದು ಕಥೆ ಹೇಳುತ್ತಿದ್ದೆ. ಅವರು ಹೂಂ ಎನ್ನುತ್ತಿದ್ದರು.

ಬೆಳಗ್ಗೆ ಮಗುವನ್ನು ಅಂಗನವಾಡಿಗೆ ಬಿಡುವ ಕೆಲಸ ನನ್ನ ಪಾಲಿಗೆ ಬಂದ ಮೇಲೆ ಗುಳಿಗೆಯ ಹೊತ್ತಿಗೆ ನಾನು ಎದುರಿಗೆ ಇರುತ್ತಿರಲಿಲ್ಲ. ಲೋಟ ಖಾಲಿಯಾಗಿರುತ್ತಿತ್ತು, ಗುಳಿಗೆಯೂ ಇರುತ್ತಿರಲಿಲ್ಲ. ಎಲ್ಲ ಸರಿಯಾಗಿದೆ ಎಂದುಕೊಂಡಿದ್ದೆ. ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಬೆಲ್ಟು ನಿಂತಿತು. ಚೀಲಗಳ ಹಿಂದಿನಿಂದ ಕಟುಂ.

ಕೈಯಲ್ಲಿದ್ದ ಮೊರ ಕೆಳಗಿಟ್ಟೆ. ಮತ್ತೆ ಕಟುಂ. ಆದರೆ ಮೊದಲಿನ ಸದ್ದಲ್ಲ ಅದು. ಮೊದಲು ಕಡಿಯುವುದರಲ್ಲಿ ಒಂದು ಲಯ ಇರುತ್ತಿತ್ತು. ಈಗ ಒಮ್ಮೆ ಕಡಿದು, ತಡೆದು, ಮತ್ತೆ ಕಡಿಯುವ ಸದ್ದು, ನಡುವೆ ಓಕರಿಕೆ. ಸಿಟ್ಟು ನೆತ್ತಿಗೇರಿತು. ಇಷ್ಟು ಕಷ್ಟಪಟ್ಟು ಕಾಯ್ದದ್ದೆಲ್ಲ ಹಾಳು ಮಾಡಿದರಲ್ಲ ಎಂದು ಬೈಯಲೆಂದೇ ಹೋದೆ. ಹೋಗಿ ನೋಡಿದರೆ ಅತ್ತೆ ಗೋಡೆಗೆ ಒರಗಿ ಬಾಯಿ ತುಂಬ ವಿಭೂತಿ ತುಂಬಿಕೊಂಡು ಕೂತಿದ್ದಾರೆ. ನುಂಗಲು ಆಗುತ್ತಿಲ್ಲ, ಉಗುಳಲು ಮನಸ್ಸಿಲ್ಲ. ಕಣ್ಣಿನಿಂದ ನೀರು ಇಳಿದು ಹಿಟ್ಟಿನ ಕೆನ್ನೆಯ ಮೇಲೆ ಗೆರೆ ಮೂಡಿತ್ತು. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಪಕ್ಕದಲ್ಲಿ ಕೂತು ಬೆನ್ನು ಸವರಿದೆ.

"ಗುಳಿಗಿ ಬಿಟ್ಟೇನವ್ವ," ಅಂದರು. "ನಿಂಬಿನೀರು ಕುಡದು ಗುಳಿಗಿ ತುಳಸಿಕಟ್ಟಿಗೆ ಹಾಕಾಕತ್ತೀನಿ. ರುಚಿ ತಿರುಗಿ ಬರ್ತೈತೇನೋ ಅಂತ. ಬರವಲ್ದು. ಮಣ್ಣು ತಿಂದಂಗ ಆಗತೈತಿ. ಬರೇ ಮಣ್ಣು."

ಮಣ್ಣು ಅಂದರೆ ಮಣ್ಣೇ ಅಲ್ಲವೇ ಅದು ಎಂದು ನನ್ನ ಬಾಯಿಗೆ ಬಂದಿತ್ತು. ಆದರೆ ಅವರು ಮಾತು ಮುಗಿಸಿರಲಿಲ್ಲ. ಮದುವೆಯಾಗಿ ಕೆಲವು ವರ್ಷಗಳ ಮೇಲೆ, ಇಟ್ಟಿಗಿ ಊರಿನ ತವರಿನಲ್ಲಿ ಅವರಿಗೆ ಒಂದು ಹೆಣ್ಣು ಕೂಸು ಹುಟ್ಟಿ, ವಾರ ತುಂಬುವ ಮೊದಲೇ ಹೋಗಿತ್ತು. ಹೆರಿಗೆಯಲ್ಲಿ ರಕ್ತ ಬಹಳ ಹೋಗಿ ತಾವೂ ಉಳಿಯುತ್ತಾರೋ ಇಲ್ಲವೋ ಎನ್ನುವಂತಿತ್ತಂತೆ. ಇದನ್ನು ಅವರು ನನಗೆ ಹೇಳಿದ್ದು ಅದೇ ಮೊದಲು. ಗಂಡನಿಗೂ ಆ ತಂಗಿಯ ವಿಷಯ ಸರಿಯಾಗಿ ಗೊತ್ತಿರಲಿಲ್ಲ.

"ಎದಿಯಾಗ ಹಾಲು ತುಂಬಿತ್ತು, ಕುಡಿಯಾಕ ಕೂಸು ಇದ್ದಿಲ್ಲ. ನಮ್ಮವ್ವ ಹಣಿಗೆ ಈಬತ್ತಿ ಹಚ್ಚಿದ್ಲು. ಒಂದೀಟು ತುಟಿ ಮ್ಯಾಲ ಉದುರ್ತು. ಏನ್ ಸವಿ ಇತ್ತವ್ವ ಅದು. ಕೂಸು ಕಸಗೊಂಡಾವ ತಾನ ಬಂದು ನನ್ನ ಬಾಯಾಗ ಕುಂತಾನ ಅನ್ನಿಸ್ತು. ಅವತ್ತಿಂದ ಇದ್ದ. ಈಗ ಈ ಗುಳಿಗಿ ನುಂಗಿ ನಾನ ಅವನ್ನ ಹೊರಗ ಹಾಕೀನಿ."

ಹೀಗೆ ಹೇಳಿ, ಬಾಯಲ್ಲಿ ಉಳಿದಿದ್ದನ್ನು ಕಷ್ಟಪಟ್ಟು ನುಂಗಿದರು.

ರಕ್ತ ಹೋದ ದಿನವೇ ಸವಿ ಬಂದಿತ್ತು, ರಕ್ತ ಬಂದ ಮೇಲೆ ಸವಿ ಹೋಯಿತು. ಡಾಕ್ಟರಮ್ಮ ಹೇಳಿದ್ದು ಇದನ್ನೇ. ಈ ಲೆಕ್ಕವನ್ನು ಬಿಡಿಸಿ ಅತ್ತೆಯ ಮುಂದೆ ಇಡುವುದು ನನಗೆ ಕಷ್ಟವೇನಲ್ಲ, ನನ್ನ ನಾಲಿಗೆ ಯಾವಾಗಲೂ ಒಂದು ಹೆಜ್ಜೆ ಮುಂದೇ. ಅವತ್ತು ಮಾತ್ರ ಆಗಲಿಲ್ಲ. ಕೂಸು ಕಳೆದುಕೊಂಡು ಮಲಗಿದ್ದ ಹುಡುಗಿಯ ತುಟಿಯ ಮೇಲೆ ಬಿದ್ದ ಸವಿಯನ್ನು ಇಷ್ಟು ವರ್ಷಗಳ ಮೇಲೆ ಹೋಗಿ ಕಾಯಿಲೆ ಎಂದು ಕರೆಯಲು ನನಗೆ ಬಾಯಿ ಬರಲಿಲ್ಲ. ಆದರೆ ಸುಮ್ಮನಿರುವ ಹಾಗೂ ಇರಲಿಲ್ಲ. ಗುಳಿಗೆ ಬಿಟ್ಟರೆ ಆಪರೇಷನ್ ಇಲ್ಲ, ಆಪರೇಷನ್ ಇಲ್ಲದಿದ್ದರೆ ಅತ್ತೆ ಇಲ್ಲ.

ಅವರ ಕೈಯಲ್ಲಿದ್ದ ಗಟ್ಟಿ ತೆಗೆದುಕೊಂಡು ಒಂದು ಮೂಲೆ ಕಡಿದೆ. ಮದುವೆಯಾಗಿ ಬಂದಾಗ ತಪ್ಪಿಸಿಕೊಂಡದ್ದನ್ನು ಈಗ ತಿಂದೆ. ನಾಲಿಗೆಯ ನೀರೆಲ್ಲ ಹೀರಿಕೊಂಡು ಅಂಗುಳಕ್ಕೆ ಮೆತ್ತಿಕೊಂಡಿತು. ಮುಖ ಕಿವುಚುವುದನ್ನು ತಡೆಯಲಾಗಲಿಲ್ಲ.

"ನನಗೂ ಮಣ್ಣ ಹತ್ತತೈತಿ, ಅತ್ತಿ," ಎಂದೆ. "ನಿಮ್ಮ ಮಗನಿಗೆ ಕೊಟ್ರ ಅವರಿಗೂ ಮಣ್ಣ. ಕಾಲು ಮುಟ್ಟಿ ಹೋಗ್ತಾರಲ್ಲ, ಅವರಿಗೂ ಮಣ್ಣ. ಹಂಗಾದ್ರ ನಮ್ಮನ್ನೆಲ್ಲಾ ಅವ ಬಿಟ್ಟು ಹೋಗ್ಯಾನೇನ್ರಿ?"

ಅತ್ತೆ ನನ್ನ ಬಿಳಿ ತುಟಿ ನೋಡಿದರು, ಕಿವುಚಿದ ಮುಖ ನೋಡಿದರು.

"ನಿನ್ನ ಹತ್ರ ಅವ ಯಾವಾಗ ಬಂದಿದ್ದ, ಬಿಟ್ಟು ಹೋಗಾಕ," ಅಂದರು.

ಇಬ್ಬರಿಗೂ ನಗು ಬಂತು. ನಗುತ್ತ ನಗುತ್ತ ಅತ್ತೆ ಅಳತೊಡಗಿದರು, ನಾನೂ ಅತ್ತುಬಿಟ್ಟೆ. ಹಾಗೇ ಅವರ ತಲೆ ನನ್ನ ಭುಜದ ಮೇಲೆ ಇತ್ತು. ನೀವು ಹೋದರೆ ನಾನು ಈ ಹಿಟ್ಟಿನ ಮನೆಯಲ್ಲಿ ಯಾರ ಜೊತೆ ಜಗಳ ಆಡಲಿ ಎಂದು ಕೇಳಿದೆ. ಅವರು ಏನೋ ಹೇಳಿದರು. ಅಷ್ಟರಲ್ಲಿ ಕರೆಂಟ್ ಬಂದು ಗಿರಣಿ ಶುರುವಾಯಿತು, ಏನು ಹೇಳಿದರೋ ಕೇಳಿಸಲಿಲ್ಲ. ಮತ್ತೆ ಕೇಳಲೂ ಇಲ್ಲ.

ಮರುದಿನ ಬೆಳಗ್ಗೆ ಗುಳಿಗೆಯ ವಿಷಯ ನಾನು ಎತ್ತಲಿಲ್ಲ. ನಿಂಬೆ ನೀರು ಮಾಡಿ, ಗುಳಿಗೆಯನ್ನು ಸಣ್ಣ ತಟ್ಟೆಯಲ್ಲಿಟ್ಟು, ದೇವರ ಗೂಡಿನ ಮುಂದೆ ಹೂವಿನ ಪಕ್ಕದಲ್ಲಿ ಇಟ್ಟು ಮಗುವನ್ನು ಕರೆದುಕೊಂಡು ಹೋದೆ. ತಿರುಗಿ ಬರುವಷ್ಟರಲ್ಲಿ ತಟ್ಟೆ ತೊಳೆದು ಬೋರಲು ಹಾಕಿದ್ದರು. ತುಳಸಿಕಟ್ಟೆಗೆ ಹೋಗಿ ಮಣ್ಣು ಕೆದಕಿ ನೋಡಿದೆ. ಕೆಂಪು ಬಣ್ಣ ಕರಗಿದ ಹಳೆಯ ಗುಳಿಗೆಗಳಿದ್ದವು, ಹೊಸದು ಇರಲಿಲ್ಲ. ಹಿಂದಿನಿಂದ ಅತ್ತೆ, ತುಳಸಿಗೂ ರಕ್ತ ಏರೇತಿ, ನೋಡು ಹೆಂಗ ಚಿಗತೈತಿ ಅಂದರು.

ಮುಂದಿನ ಸಲ ಕೂಡ್ಲಿಗಿಗೆ ಹೋದಾಗ ರಕ್ತ ಏರಿತ್ತು. ಅದರ ಮುಂದಿನ ಸಲ ಡಾಕ್ಟರಮ್ಮ ದಿನ ಗೊತ್ತು ಮಾಡಿದರು. ಅಷ್ಟು ದಿನವೂ ಅತ್ತೆ ಪೂಜೆಗೆ ಕೂರುತ್ತಿದ್ದರು, ಹಣೆಗೆ ಹಚ್ಚಿಕೊಳ್ಳುತ್ತಿದ್ದರು, ಗುಳಿಗೆ ನುಂಗುತ್ತಿದ್ದರು. ಕಣ್ಣು ಮುಚ್ಚಿ ಕೂರುವ ಆ ಸುಖ ಮಾತ್ರ ಮುಖದ ಮೇಲೆ ಮತ್ತೆ ಕಾಣಲಿಲ್ಲ. ಆ ಮುಖ ನೋಡುವಾಗೆಲ್ಲ ಅವರಿಂದ ಏನನ್ನೋ ನಾನೇ ಕಸಿದುಕೊಂಡೆ ಅನ್ನಿಸುತ್ತಿತ್ತು.

ಆಪರೇಷನ್ನಿನ ಬೆಳಗ್ಗೆ ಅವರಿಗೆ ಹಸಿರು ಗೌನು ಹಾಕಿ, ಬಳೆ ಬಿಚ್ಚಿಸಿ, ಮುಖ ತೊಳೆಸಿದ್ದರು. ಬಾಯಿಗೆ ಹನಿ ನೀರೂ ಹಾಕುವ ಹಾಗಿರಲಿಲ್ಲ. ಬರಿಹಣೆಯ ಅತ್ತೆಯನ್ನು ನಾನು ಅಷ್ಟು ಬೆಳಕಿನಲ್ಲಿ ನೋಡಿದ್ದು ಅದೇ ಮೊದಲು. ಕೆನ್ನೆಗೆ ರಕ್ತ ಬಂದಿತ್ತು, ತುಟಿ ಕೆಂಪಗಿತ್ತು, ಚೆಲುವೆಯಾಗಿದ್ದರು. ಹಾಗೆಂದು ಹೇಳಿದೆ. ಬಾಯಿ ಮುಚ್ಚು ಅಂದರು. ಆಮೇಲೆ, ಗಟ್ಟಿ ತಂದೀಯೇನು ಎಂದು ಕೇಳಿದರು. ತಂದಿದ್ದೆ. ನಾದಿನಿ ಕೊಟ್ಟು ಅವರು ಮೂಸದೇ ಇಟ್ಟಿದ್ದ ಹೊಸ ಗಟ್ಟಿ. ನರ್ಸಮ್ಮನ ಮುಖ ನೋಡಿದೆ. ಆಕೆ ಹಣೆಗೆ ಒಂದೀಟು ಹಚ್ಚಿ ಅಂದಳು.

ಬೆರಳು ಒದ್ದೆ ಮಾಡಿ, ಗಟ್ಟಿಗೆ ತಿಕ್ಕಿ, ಮೂರು ಗೆರೆ ಎಳೆದೆ. ಸರಿಯಾಗಿ ಬರಲಿಲ್ಲ, ನಡುವಿನದು ಸೊಟ್ಟಗಾಯಿತು. ಅತ್ತೆ ಕಣ್ಣು ಮುಚ್ಚಿಕೊಂಡು ಹಚ್ಚಿಸಿಕೊಂಡರು. ಹೆದರಿಕೆ ಆಗುತ್ತಿದೆಯೇ ಎಂದು ಕೇಳಿದೆ.

"ಇಷ್ಟ್ ವರ್ಷ ಬಾಯಿ ಬೇಡತಿತ್ತು, ಅದಕ್ಕ ಅವನ್ನ ಕರೀತಿದ್ದೆ," ಅಂದರು ಅತ್ತೆ. "ಈಗ ಬಾಯಿ ಏನೂ ಬೇಡವಲ್ದು. ಆದ್ರೂ ಕರೀತೀನಿ ನೋಡು."

ಗಾಲಿಯ ಮಂಚ ತಳ್ಳಿಕೊಂಡು ಹೋದರು. ಬಾಗಿಲು ಮುಚ್ಚಿತು. ನಮ್ಮ ಮನೆಯವರು ಕಿಟಕಿಯ ಕಡೆ ತಿರುಗಿ ನಿಂತಿದ್ದರು, ಅಳುತ್ತಿದ್ದರು ಅಂತ ಬೆನ್ನು ಹೇಳುತ್ತಿತ್ತು. ನಾನು ಬೆಂಚಿನ ಮೇಲೆ ಕೂತೆ. ಅದೇ ಬೆಂಚು, ಸೂಜಿಯ ಹೆದರಿಕೆಗೆ ಅತ್ತೆ ಗಟ್ಟಿ ಕಡಿದಿದ್ದು. ನನ್ನ ಬೆರಳಿಗೆ ಇನ್ನೂ ವಿಭೂತಿ ಮೆತ್ತಿಕೊಂಡಿತ್ತು. ಅವತ್ತು ಸೋಮವಾರವಲ್ಲ. ಬೆರಳನ್ನು ನಾಲಿಗೆಗೆ ಇಟ್ಟೆ. ಮಣ್ಣೇ, ಯಾವ ಸವಿಯೂ ಇರಲಿಲ್ಲ. ಬಾಗಿಲು ಮತ್ತೆ ತೆರೆದು, ಡಾಕ್ಟರಮ್ಮ ಬಂದು ಎಲ್ಲ ಸರಿಯಾಯಿತು ಎನ್ನುವ ತನಕ ಅದನ್ನು ಉಗುಳದೆ ಬಾಯಲ್ಲೇ ಇಟ್ಟುಕೊಂಡು ಕೂತಿದ್ದೆ.